ಚಿಕ್ಕಮ್ಮ ಅಲ್ಲ, ಕೆಲಸದವಳು

ಕೌಲಾಲಂಪುರದ ಪಕ್ಕದ ಸುಬಾಂಗ್ ಜಯಾ ಎಂಬ ಊರಿನ ಆ ಸಾಲುಮನೆಯಲ್ಲಿ ಸುಗಂಧಿಯನ್ನು ಎಲ್ಲರೂ ಚಿಕ್ಕಮ್ಮ ಎಂದು ಕರೆಯುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಇದೆಂಥ ಹೆಂಗಸಪ್ಪಾ, ಪ್ರೀತಿಯಿಂದ ಕರೆದರೂ ಸಿಡುಕುತ್ತಾಳಲ್ಲ ಎಂದು ಹೊರಗಿನವರು ಅಂದಾರು. ಅನ್ನಲಿ. ಹೊರಗಿನವರು ಎಂಟು ವರ್ಷ ಆ ಮನೆಯ ಪಾತ್ರೆ ತೊಳೆದಿಲ್ಲ.

ಮನೆಯ ಯಜಮಾನಿ ಡಾಕ್ಟರ್ ಜಯಮಾಲಾ ಮೈಸೂರಿನವರು. ಮಣಿಪಾಲದಲ್ಲಿ ಓದಿ, ಮಲೇಷ್ಯಾಕ್ಕೆ ಬಂದು, ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಗಂಡ ಸೂರ್ಯನಾರಾಯಣ ಸಾಫ್ಟ್‌ವೇರಿನವರು. ಹೆಂಡತಿ ಮಾತಾಡುವಾಗ ಫೋನು ನೋಡುವುದರಲ್ಲಿ ಪಳಗಿದವರು. ಮಗಳು ನವ್ಯಾಗೆ ಎಂಟು ವರ್ಷ. ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅವಳು ಮೂರು ತಿಂಗಳ ಕೂಸಾಗಿದ್ದಾಗ ಸುಗಂಧಿ ಆ ಮನೆಗೆ ಕೆಲಸಕ್ಕೆ ಸೇರಿದ್ದು.

ಸೇರಿದ ದಿನವೇ ಜಯಮಾಲಾ ಹೇಳಿದ್ದರು, "ನೋಡಿ, ನಮ್ಮನೇಲಿ ಯಾರನ್ನೂ ಕೆಲಸದವರು ಅಂತ ಅನ್ನೋ ಅಭ್ಯಾಸ ಇಲ್ಲ. ಎಷ್ಟು ಕ್ರೂಡ್ ಆಗಿರುತ್ತೆ ಅಲ್ವಾ? ನಾವು ನಿಮ್ಮನ್ನ ಚಿಕ್ಕಮ್ಮ ಅಂತೀವಿ. ನೀವು ನನ್ನ ಜಯಾ ಅನ್ನಿ, ಸಾಕು."

"ಆಯ್ತು ಮೇಡಂ," ಎಂದಳು ಸುಗಂಧಿ. ಎಂಟು ವರ್ಷದಲ್ಲಿ ಒಂದು ಸಲವೂ ಅವಳ ಬಾಯಿಂದ ಜಯಾ ಎಂಬ ಮಾತು ಹೊರಬೀಳಲಿಲ್ಲ. ಕೆಲಸದವಳು ಎನ್ನಲು ನಾಲಿಗೆ ಹಿಂಜರಿಯುವ ಮಂದಿಗೆ ಕೆಲಸ ಮಾಡಿಸಲು ಯಾವ ಹಿಂಜರಿಕೆಯೂ ಇರುವುದಿಲ್ಲ ಎಂಬುದನ್ನು ಅವಳು ಮೊದಲ ವಾರದಲ್ಲೇ ಕಂಡುಕೊಂಡಿದ್ದಳು. ಬೆಳಿಗ್ಗೆಯ ಇಡ್ಲಿಯಿಂದ ರಾತ್ರಿಯ ಪಾತ್ರೆಯವರೆಗೆ, ನಡುವೆ ಮಗು, ಬಟ್ಟೆ, ಕಾರು ನಿಲ್ಲಿಸುವ ಜಾಗ ತೊಳೆಯುವುದು, ಇಸ್ತ್ರಿ. ಯಾರ ಚಿಕ್ಕಮ್ಮ ಇಷ್ಟೆಲ್ಲ ಮಾಡುತ್ತಾಳೆ?

ಉರಿಗೆ ಇನ್ನೂ ಹಳೆಯ ಕಾರಣವಿತ್ತು. ಸುಗಂಧಿ ಕಾರ್ಕಳದ ಕಡೆಯವಳು. ಮದುವೆಯಾದ ವರ್ಷವೇ, ತೊಂಬತ್ತರಲ್ಲಿ, ಗಂಡ ದಾಮೋದರನ ಜೊತೆ ಕೌಲಾಲಂಪುರಕ್ಕೆ ಬಂದವಳು. ದಾಮೋದರ ಬ್ರಿಕ್‌ಫೀಲ್ಡ್ಸಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವನು. ಹೋಟೆಲಿನ ಯಜಮಾನ ಅವನನ್ನು ತಮ್ಮ, ತಮ್ಮ ಎಂದೇ ಕರೆಯುತ್ತಿದ್ದ. ಹಬ್ಬಕ್ಕೆ ಪಂಚೆ, ಮಳೆಗಾಲಕ್ಕೆ ಕೊಡೆ, ಜ್ವರ ಬಂದರೆ ಮನೆಗೇ ಬಂದು ಕಷಾಯ. ಇಪ್ಪತ್ತೊಂದು ವರ್ಷ ಒಲೆಯ ಮುಂದೆ ನಿಂತ ದಾಮೋದರ ಒಂದು ಮಧ್ಯಾಹ್ನ ಸಾಂಬಾರಿನ ಹಂಡೆಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಸಿದ. ಯಜಮಾನ ಹೆಣದ ಮೇಲೆ ಬಿದ್ದು ಅತ್ತ. ಕ್ರಿಯೆಯ ಖರ್ಚೆಲ್ಲ ತಾನೇ ಹಾಕಿದ. ಹದಿನಾಲ್ಕನೆಯ ದಿನ ಸುಗಂಧಿ ಹೋಗಿ, ಸತ್ತ ಕೆಲಸಗಾರನ ಹೆಂಡತಿಗೆ ಸರ್ಕಾರದ ಪಿಂಚಣಿ ಬರುತ್ತದಂತಲ್ಲ, ಇವರ ಹೆಸರಿನಲ್ಲಿ ಸೊಕ್ಸೊ ಕಟ್ಟಿದ್ದೀರಾ ಎಂದು ಕೇಳಿದಳು. ಸೊಕ್ಸೊ ಎಂದರೆ ಆ ದೇಶದಲ್ಲಿ ಕೆಲಸಗಾರರ ವಿಮೆ. ತಿಂಗಳು ತಿಂಗಳು ಯಜಮಾನನೊಂದು ಪಾಲು, ಕೆಲಸಗಾರನೊಂದು ಚಿಕ್ಕ ಪಾಲು ಸೇರಿಸಿ ಕಟ್ಟಬೇಕು. ಯಜಮಾನನ ಮುಖ ಸಪ್ಪಗಾಯಿತು. "ತಮ್ಮನಿಗೆ ಯಾರಾದ್ರೂ ಸೊಕ್ಸೊ ಕಟ್ತಾರೇನಮ್ಮಾ?" ಎಂದ.

ಅವನನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಅಂದಾಜೂ ಇಲ್ಲ.

ಅದಾದ ಮೇಲೆ ಅವಳು ಮಾಡಿಕೊಂಡ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಕೆಂಪು ಗುರುತಿನ ಚೀಟಿ ಪಡೆದದ್ದು. ಕಾಯಂ ನಿವಾಸಿಗಳಿಗೆ ಕೊಡುವ, ಎಲ್ಲರೂ ಐಸಿ ಎನ್ನುವ ಚೀಟಿ ಅದು. ಊರಿಗೆ ಹೋಗಿ ಮೈದುನಂದಿರ ಮನೆಯ ಜಗಲಿಯಲ್ಲಿ ಕೂರುವುದಕ್ಕಿಂತ ಇಲ್ಲಿ ದುಡಿದು ತಿನ್ನುವುದು ಮೇಲೆಂದು ಉಳಿದಳು. ಬ್ರಿಕ್‌ಫೀಲ್ಡ್ಸಿನಲ್ಲಿ ಹೂವಿನ ಅಂಗಡಿಯ ಮೇಲೊಂದು ಕೋಣೆ, ಪಕ್ಕದ ಕೋಣೆಯಲ್ಲಿ ತಮಿಳು ಹೆಂಗಸು ಲಕ್ಷ್ಮಿ. ಬೆಳಗಿನ ರೈಲಿಗೆ ಸುಬಾಂಗ್ ಜಯಾ, ಸಂಜೆಯ ರೈಲಿಗೆ ವಾಪಸ್ಸು. ಆ ರೈಲಿನ ಒಂದು ಗಂಟೆ ಅವಳದ್ದೇ ಆಗಿತ್ತು, ಅಲ್ಲಿ ಅವಳು ಯಾರ ಚಿಕ್ಕಮ್ಮನೂ ಅಲ್ಲ.

ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ ಅದೂ ಹೋಯಿತು. ಕೊರೋನಾ ಬಂತು, ರಸ್ತೆಗೆಲ್ಲ ಪೊಲೀಸರು ಬಂದರು. ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಎರಡನೆಯ ವಾರಕ್ಕೆಲ್ಲ ಜಯಮಾಲಾರ ಮನೆಯ ಸಿಂಕು ಕಂಠಮಟ್ಟ ತುಂಬಿತ್ತೆಂದು ಕಾಣುತ್ತದೆ, ಅವರು ಪೊಲೀಸ್ ಠಾಣೆಗೆ ಪತ್ರ ಬರೆದರು: ಸುಗಂಧಿ ನನ್ನ ಚಿಕ್ಕಮ್ಮ, ನಮ್ಮ ಕುಟುಂಬದವರು, ನಮ್ಮೊಟ್ಟಿಗೇ ವಾಸವಿದ್ದವರು, ಬ್ರಿಕ್‌ಫೀಲ್ಡ್ಸಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಕರೆತರಲು ಅನುಮತಿ ಬೇಕು. ಅನುಮತಿ ಸಿಕ್ಕಿತು. ಕಾರಿನಲ್ಲಿ ಕರೆತರುವಾಗ ಸೂರ್ಯನಾರಾಯಣ ಕನ್ನಡಿಯಲ್ಲಿ ಅವಳನ್ನು ನೋಡಿ, "ಚೆಕ್‌ಪೋಸ್ಟಲ್ಲಿ ಕೇಳಿದ್ರೆ ಆಂಟಿ ಅನ್ನಿ. ಅಷ್ಟೇ. ಜಾಸ್ತಿ ಮಾತಾಡ್ಬೇಡಿ," ಎಂದರು.

ಎರಡು ವಾರಕ್ಕೆಂದು ಹೋದವಳು ಅಲ್ಲೇ ಉಳಿದಳು. ಒಂದರ ಮೇಲೊಂದು ಲಾಕ್‌ಡೌನು ಬಂದು, ಇರದ ಕೋಣೆಗೆ ಬಾಡಿಗೆ ಕೊಡುವುದು ಸಾಕಾಗಿ ಬ್ರಿಕ್‌ಫೀಲ್ಡ್ಸಿನ ಕೋಣೆಯನ್ನು ಬಿಟ್ಟುಕೊಟ್ಟಳು. ಇಲ್ಲಿ ಅವಳಿಗೆ ಸಿಕ್ಕಿದ್ದು ಹಿತ್ತಿಲ ಅಡುಗೆಮನೆಗೆ ಅಂಟಿಕೊಂಡ ಸಾಮಾನಿನ ಕೋಣೆ. ಮೊದಲು ಸಂಜೆ ಆರಕ್ಕೆ ಮುಗಿಯುತ್ತಿದ್ದ ಕೆಲಸ ಈಗ ಮುಗಿಯುವುದೇ ನಿಂತಿತು. ಮನೆಯಲ್ಲೇ ಇದ್ದೀರಲ್ಲ ಚಿಕ್ಕಮ್ಮಾ, ಒಂದು ಕಾಫಿ. ಮನೆಯಲ್ಲೇ ಇದ್ದೀರಲ್ಲ, ನವ್ಯಾ ಪಕ್ಕ ಸ್ವಲ್ಪ ಕೂತ್ಕೊಳ್ಳಿ. ಸಂಬಳ ಮಾತ್ರ ಮೊದಲಿನದೇ, ಲಕೋಟೆಯಲ್ಲಿ, ನಗದು. ಲಕೋಟೆಯ ಮೇಲೆ ‘ಚಿಕ್ಕಮ್ಮನಿಗೆ, ಪ್ರೀತಿಯಿಂದ’ ಎಂದು ಬರೆದಿರುತ್ತಿತ್ತು.

ಮರುವರ್ಷದ ಮೇ ತಿಂಗಳಲ್ಲಿ ಬೀನ್ಸ್ ಹೆಚ್ಚುತ್ತ ತಮಿಳು ರೇಡಿಯೊ ಕೇಳುತ್ತಿದ್ದವಳ ಕೈ ಗಕ್ಕನೆ ನಿಂತಿತು. ಜೂನ್ ಒಂದರಿಂದ ಮನೆಗೆಲಸದವರಿಗೂ ಸೊಕ್ಸೊ ಕಡ್ಡಾಯ, ಮನೆಯ ಯಜಮಾನರು ತಮ್ಮನ್ನೂ ಕೆಲಸದವರನ್ನೂ ನೋಂದಾಯಿಸಿ ತಿಂಗಳು ತಿಂಗಳು ಕಟ್ಟಬೇಕು, ಕೆಲಸದ ವೇಳೆ ಪೆಟ್ಟಾದರೆ ಚಿಕಿತ್ಸೆಗೂ ರಜೆಯ ದಿನಗಳಿಗೂ ಅಲ್ಲಿಂದ ಹಣ ಸಿಗುತ್ತದೆ ಎಂದು ರೇಡಿಯೊದ ಹೆಣ್ಣುಮಗಳು ಎರಡೆರಡು ಸಲ ಹೇಳಿದಳು. ಸುಗಂಧಿ ಚಾಕು ಕೆಳಗಿಟ್ಟು ಸೀದಾ ಊಟದ ಮೇಜಿಗೆ ಹೋದಳು. ಗಂಡ ಹೆಂಡತಿ ಇಬ್ಬರೂ ಲ್ಯಾಪ್‌ಟಾಪ್ ತೆರೆದು ಕೂತಿದ್ದರು.

"ಮೇಡಂ, ಮನೆ ಕೆಲಸದವರಿಗೆ ಸೊಕ್ಸೊ ಕಟ್ಬೇಕಂತೆ. ರೇಡಿಯೊದಲ್ಲಿ ಬಂತು. ನನ್ನ ಹೆಸರು ಹಾಕಿಬಿಡಿ."

ಜಯಮಾಲಾ ನಕ್ಕರು. "ಅಯ್ಯೋ ಚಿಕ್ಕಮ್ಮಾ, ಅದು ಇಂಡೋನೇಷ್ಯಾದಿಂದ ಬರೋ ಮೇಡ್‌ಗಳಿಗೆ. ಲೆವಿ ಗಿವಿ ಏನೇನೋ ಇರುತ್ತಲ್ಲ, ಆ ಥರದ್ದು. ನೀವು ಮನೆಯವರಲ್ವಾ?"

"ಎಲ್ಲರಿಗೂ ಅಂತ ಹೇಳಿದ್ರು. ನನ್ನ ಹತ್ರ ಕೆಂಪು ಐಸಿ ಉಂಟು."

"ನೋಡೋಣ. ಸೂರ್ಯ, ಅದೇನು ಅಂತ ಸ್ವಲ್ಪ ಚೆಕ್ ಮಾಡ್ತೀರಾ?"

ಸೂರ್ಯನಾರಾಯಣ ಚೆಕ್ ಮಾಡಿದರು. ಮಾಡಿ, ಎಲ್ಲವನ್ನೂ ಅರ್ಥಮಾಡಿಕೊಂಡರು. ಆ ಮನುಷ್ಯನಿಗೆ ಬುದ್ಧಿಗೇನೂ ಕಡಿಮೆಯಿರಲಿಲ್ಲ. ಹೊರದೇಶದ ಮೇಡ್‌ಗಾಗಿ ವರ್ಷಕ್ಕೊಮ್ಮೆ ಕೊಡುವ ಲೆವಿ ಬೇರೆ, ಇದು ಬೇರೆ. ಇದು ಇಲ್ಲಿಯವರಿಗೂ ಉಂಟು, ಹೊರಗಿನವರಿಗೂ ಉಂಟು. ಕಟ್ಟಬೇಕಾದದ್ದು ತಿಂಗಳಿಗೆ ಅವರ ಎರಡು ಕಪ್ ಕಾಫಿಯ ಬೆಲೆಯಷ್ಟು. ತಮ್ಮ ಸಂಬಳದಲ್ಲಿ ಕಂಪನಿ ಹಿಡಿದುಕೊಳ್ಳುವ ತೆರಿಗೆ, ಪಿಎಫ್, ಸೊಕ್ಸೊಗಳನ್ನು ಒಂದು ಸೆನ್ ಕಾಸೂ ತಪ್ಪದಂತೆ ಪರೀಕ್ಷಿಸುವವರು ಅವರು. ಫಾರ್ಮು ತುಂಬಲು ಕೂತು, ಯಜಮಾನ ಎಂಬರ್ಥದ ‘ಮಜಿಕಾನ್’ ಎಂಬ ಪದದ ಎದುರು ತಮ್ಮ ಹೆಸರು ಹಾಕುವಲ್ಲಿಗೆ ಬಂದಾಗ ಹೆಂಡತಿಯ ಮುಖ ನೋಡಿದರು.

"ನಾವು ಎಂಪ್ಲಾಯರ್ ಅಂತ ರಿಜಿಸ್ಟರ್ ಆಗ್ಬೇಕು ಜಯಾ. ಇವತ್ತು ಇದು, ನಾಳೆ ರಜೆ, ನಾಡಿದ್ದು ಓವರ್‌ಟೈಮ್. ಆಮೇಲೆ ಪೊಲೀಸರಿಗೆ ಬೇರೆ ಆಂಟಿ ಅಂತ ಬರ್ಕೊಟ್ಟಿದೀವಿ."

"ಬೇಡ ಬಿಡಿ. ನಮ್ಮ ಅವರ ಸಂಬಂಧ ಅಂಥದ್ದಲ್ಲ."

ಇಬ್ಬರೂ ಮಾತಾಡಿದ್ದು ಸುಗಂಧಿಯ ಎದುರಿನಲ್ಲೇ. ಅವಳು ಒಳಗೆ ಹೋಗಿ ಉಳಿದ ಬೀನ್ಸನ್ನು ಎಷ್ಟು ಸಣ್ಣಗೆ ಹೆಚ್ಚಿದಳೆಂದರೆ ಪಲ್ಯ ಮಾಡಲು ಬರಲಿಲ್ಲ.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ. ಹಿಂದಿನ ದಿನ ಹಿತ್ತಿಲ ಅಡುಗೆಮನೆಯನ್ನು ಸೋಪು ಹಾಕಿ ತಿಕ್ಕಿ ತೊಳೆಯಬೇಕೆಂದು ಜಯಮಾಲಾ ಹೇಳಿದ್ದರು. ಅರ್ಧ ತೊಳೆದಿದ್ದಳು, ಒಳಗಿನಿಂದ "ಚಿಕ್ಕಮ್ಮಾ, ಬೇಗ ಬನ್ನಿ, ನನ್ನ ಆನ್‌ಲೈನ್ ಕ್ಲಾಸ್ ನಡೀತಿದೆ, ನವ್ಯಾ ಅಳ್ತಿದಾಳೆ" ಎಂದು ಕೂಗು ಬಂತು. ಒದ್ದೆ ಕಾಲಿನಲ್ಲಿ ತಿರುಗಿದಳು. ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಎಲುಬು ಎರಡು ಕಡೆ ಮುರಿಯಿತು.

ಜಯಮಾಲಾ ಗಾಬರಿಯಾದರು. ಅದು ನಾಟಕವಲ್ಲ, ನಿಜವಾದ ಗಾಬರಿಯೇ. ತಾವೇ ಕಾರು ಓಡಿಸಿಕೊಂಡು ತಮಗೆ ಗುರುತಿದ್ದ ಆಸ್ಪತ್ರೆಗೆ ಕರೆದೊಯ್ದರು. ಕೌಂಟರಿನ ಹುಡುಗಿ ಕೇಳಿದಾಗ, ಇವರು ನಮ್ಮ ಆಂಟಿ, ಕುಟುಂಬದವರಿಗಿರುವ ರಿಯಾಯಿತಿ ಹಾಕಿ ಎಂದರು. ಹೇಗಾಯಿತು ಎಂದರೆ, ಮನೆಯಲ್ಲಿ ಬಿದ್ದರು ಎಂದರು. ಸುಳ್ಳೆಂದು ಹೇಗೆ ಹೇಳುವುದು? ಮನೆಯಲ್ಲೇ ಬಿದ್ದಿದ್ದು. ಯಾರ ಮನೆ, ಏನು ಮಾಡುವಾಗ ಎಂದು ಕೌಂಟರಿನ ಹುಡುಗಿ ಕೇಳಲಿಲ್ಲ, ಇವರು ಹೇಳಲಿಲ್ಲ. ನೋವಿನಲ್ಲಿ ಹಲ್ಲು ಕಚ್ಚಿ ಕೂತಿದ್ದ ಸುಗಂಧಿಗೆ ಆ ಎರಡೂ ಮಾತು ಕಿವಿಗೆ ಬಿದ್ದವು. ಅವಳು ಅವನ್ನು ಮರೆಯಲಿಲ್ಲ.

ಕೈಗೆ ಪ್ಲೇಟು ಹಾಕಿದರು. ಆರು ತಿಂಗಳು ಭಾರ ಎತ್ತಬಾರದು, ಹಿಂಡಬಾರದು, ಮೊದಲಿನ ಬಲ ಪೂರ್ತಿ ಬರುವುದು ಕಷ್ಟ ಎಂದರು ಡಾಕ್ಟರು. ತಿಂಗಳ ಕೊನೆಗೆ ಲಕೋಟೆ ಬರಲಿಲ್ಲ. ಸುಗಂಧಿ ನಾಲ್ಕು ದಿನ ಕಾದು ಕೇಳಿದಳು.

"ಚಿಕ್ಕಮ್ಮಾ, ಈಗ ನಿಮಗೆ ಖರ್ಚಾದ್ರೂ ಏನಿದೆ ಹೇಳಿ? ಊಟ, ವಸತಿ, ಔಷಧಿ ಎಲ್ಲ ನಮ್ಮದೇ. ಆಪರೇಷನ್ ಬಿಲ್ ನಾವೇ ಕಟ್ಟಿದ್ವಿ. ನೀವು ಆರಾಮಾಗಿ ರೆಸ್ಟ್ ತಗೊಳ್ಳಿ," ಎಂದರು ಜಯಮಾಲಾ. ಹೇಳುವಾಗ ಅವಳ ಬೆನ್ನ ಮೇಲೆ ಕೈಯಿಟ್ಟಿದ್ದರು.

ಆ ಕೈಯನ್ನು ಕೊಡವಿ ಹಾಕಬೇಕೆನ್ನಿಸಿತು ಅವಳಿಗೆ. ಐವತ್ತಾರು ವರ್ಷ ವಯಸ್ಸು, ಗಳಿಸುವ ಕೈ ಒಂದೇ, ಅದೂ ಮುರಿದಿದೆ. ಮೊದಲಿನ ಬಲ ಬಾರದಿದ್ದರೆ ನಾಳೆ ಈ ಮನೆಯೂ ಇಟ್ಟುಕೊಳ್ಳುವುದಿಲ್ಲ, ಬೇರೆ ಮನೆಯೂ ಕರೆಯುವುದಿಲ್ಲ. ದಾಮೋದರ ಸತ್ತಾಗ ಕೈ ಬೀಸಿಕೊಂಡು ಬಂದಿದ್ದಳು. ಎರಡನೆಯ ಸಲ ಹಾಗೆ ಬರುವುದಿಲ್ಲ ಎಂದು ಆ ಸಾಮಾನಿನ ಕೋಣೆಯಲ್ಲಿ ಕೂತು ನಿಶ್ಚಯಿಸಿದಳು.

ಲಕ್ಷ್ಮಿಗೆ ಫೋನು ಮಾಡಿದಳು. ಲಕ್ಷ್ಮಿ ಒಂದು ಆಫೀಸಿನಲ್ಲಿ ಗುಡಿಸಿ ಒರೆಸುವವಳು, ಅವಳ ಹೆಸರಿನಲ್ಲಿ ಸೊಕ್ಸೊ ಇತ್ತು, ಹಾಗಾಗಿ ಅದರ ಒಳಹೊರಗು ಗೊತ್ತಿತ್ತು. "ಅಕ್ಕಾ, ಅವರು ಕಟ್ಟಲಿಲ್ಲ ಅಂದ್ರೆ ತಪ್ಪು ಅವರದ್ದು, ನಿನ್ನದಲ್ಲ," ಎಂದಳು ಲಕ್ಷ್ಮಿ ತನ್ನ ತಮಿಳಿನಲ್ಲಿ. "ಆದರೆ ನೀನು ಅಲ್ಲಿ ಕೆಲಸಕ್ಕಿದ್ದೆ ಅಂತ ತೋರಿಸ್ಬೇಕು. ಫಾರ್ಮ್ ಹಾಕು. ಮಿಕ್ಕಿದ್ದು ಆಮೇಲೆ ನೋಡುವ."

ಎಡಗೈಯಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡ ಅಕ್ಷರಗಳಲ್ಲಿ ಸಹಿ ಹಾಕಿ, ಲಕ್ಷ್ಮಿಯ ಮೂಲಕವೇ ಫಾರ್ಮು ಕಳಿಸಿದಳು. ಸೊಕ್ಸೊ ಕಚೇರಿಯಿಂದ ಜಯಮಾಲಾರ ಹೆಸರಿಗೆ ಪತ್ರ ಬಂದ ದಿನ ಆ ಮನೆಯಲ್ಲಿ ಕುಕ್ಕರು ಕೂಗಲಿಲ್ಲ.

"ಇದೇನಿದು?" ಜಯಮಾಲಾ ಪತ್ರ ಹಿಡಿದು ಅವಳ ಕೋಣೆಯ ಬಾಗಿಲಲ್ಲಿ ನಿಂತರು. ಅವರು ಆ ಬಾಗಿಲಿಗೆ ಬಂದದ್ದು ಅದೇ ಮೊದಲು. "ನಮ್ಮ ಮೇಲೆ ಕಂಪ್ಲೇಂಟಾ? ನಮ್ಮ ಮನೇಲಿದ್ಕೊಂಡು, ನಮ್ಮ ಅನ್ನ ತಿಂದ್ಕೊಂಡು?"

"ಕಂಪ್ಲೇಂಟಲ್ಲ ಮೇಡಂ, ಕ್ಲೇಮು. ಮತ್ತೆ ಅನ್ನ ನಾನೇ ಬೇಯಿಸಿದ್ದು."

"ನನ್ನ ಸ್ವಂತ ಚಿಕ್ಕಮ್ಮನಿಗಿಂತ ಹೆಚ್ಚು ನೋಡ್ಕೊಂಡಿದೀನಿ ನಿಮ್ಮನ್ನ!"

"ನಿಮ್ಮ ಸ್ವಂತ ಚಿಕ್ಕಮ್ಮ ಬಚ್ಚಲು ತಿಕ್ಕುದುಂಟಾ?"

ಅಲ್ಲಿಂದ ಮುಂದೆ ಎರಡು ತಿಂಗಳು ಆ ಮನೆಯಲ್ಲಿ ನಡೆದದ್ದನ್ನು ಯುದ್ಧವೆನ್ನದೆ ಬೇರೇನೂ ಎನ್ನಲಾಗದು. ಹೊರಗೆ ಹೋಗಲು ಜಾಗವಿಲ್ಲ ಸುಗಂಧಿಗೆ. ಹೊರಗೆ ಹಾಕಿದರೆ ಕಚೇರಿಯವರು ಏನನ್ನುತ್ತಾರೋ ಎಂಬ ಅಂಜಿಕೆ ಅವರಿಗೆ. ಒಂದೇ ಸೂರಿನ ಕೆಳಗೆ ಮುಖ ಸಿಂಡರಿಸಿಕೊಂಡು ಓಡಾಡಿದರು. ಜಯಮಾಲಾ ತಿಂಡಿಯನ್ನು ತಟ್ಟೆಯಲ್ಲಿ ಹಾಕಿ ಮೇಜಿನ ತುದಿಗೆ ದೂಡಿ ಹೋಗುತ್ತಿದ್ದರು. ಸುಗಂಧಿ ತಿಂದು, ಎಡಗೈಯಲ್ಲಿ ತನ್ನ ತಟ್ಟೆಯೊಂದನ್ನೇ ತೊಳೆದು, ಪಕ್ಕದಲ್ಲಿ ರಾಶಿ ಬಿದ್ದಿದ್ದ ಉಳಿದವರ ತಟ್ಟೆಗಳನ್ನು ಮುಟ್ಟದೆ ಬರುತ್ತಿದ್ದಳು. ಆ ರಾಶಿಯನ್ನು ನೋಡುವಾಗ ಅವಳಿಗಾಗುತ್ತಿದ್ದ ಖುಷಿ ಅಷ್ಟಿಷ್ಟಲ್ಲ. ಸಂಬಳವಿಲ್ಲ ತಾನೆ, ಮತ್ತೆ ಕೆಲಸವೆಲ್ಲಿಯದು?

ಜಯಮಾಲಾ ಊರಿಗೆ ವಿಡಿಯೊ ಕಾಲ್ ಮಾಡಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು, "ಎಷ್ಟು ಮಾಡಿದ್ರೂ ಅಷ್ಟೇ ಕಣೇ, ಕೊನೆಗೆ ಬುದ್ಧಿ ತೋರಿಸ್ಬಿಡ್ತಾರೆ." ಸುಗಂಧಿ ಅದಕ್ಕೆ ಸರಿಯಾಗಿ ರೇಡಿಯೊದ ದನಿ ಏರಿಸುತ್ತಿದ್ದಳು. ಸೂರ್ಯನಾರಾಯಣ ಇಬ್ಬರ ನಡುವೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ದಿನ ದೂಡಿದರು.

ನವೆಂಬರಿನ ಮಧ್ಯದಲ್ಲಿ ಕಚೇರಿಗೆ ಬರಹೇಳಿದರು. ದಂಪತಿ ಕಾರಿನಲ್ಲಿ ಹೋದರು. ಸುಗಂಧಿ, ಕೊರಳಿಗೆ ಕೈ ನೇತುಹಾಕಿಕೊಂಡು, ರೈಲಿನಲ್ಲಿ ಹೋದಳು. ಬಾಗಿಲಲ್ಲಿ ಫೋನಿನಿಂದ ಸ್ಕ್ಯಾನು, ಹಣೆಗೆ ಉಷ್ಣಮಾಪಕ, ಒಬ್ಬರಿಂದೊಬ್ಬರಿಗೆ ಒಂದು ಕುರ್ಚಿಯ ಅಂತರ. ಪ್ಲಾಸ್ಟಿಕ್ ಪರದೆಯ ಹಿಂದೆ ಕೂತಿದ್ದ ಅಧಿಕಾರಿ ಪುವಾನ್ ರೊಸ್ಮಾವತಿ, ತಲೆಗೆ ನೀಲಿ ತುಡುಂಗ್ ವಸ್ತ್ರ ಸುತ್ತಿಕೊಂಡ ನಡುವಯಸ್ಸಿನ ಮಲಯ್ ಹೆಂಗಸು; ಮೇಡಂ ಎನ್ನುವುದಕ್ಕೆ ಅಲ್ಲಿ ಪುವಾನ್ ಎನ್ನುತ್ತಾರೆ. ಎರಡೆರಡು ಮಾಸ್ಕಿನ ಒಳಗಿಂದ ಬರುತ್ತಿದ್ದ ಅವರ ದನಿ ಯಾರ ಕಡೆಗೂ ವಾಲಿದಂತಿರಲಿಲ್ಲ.

ಜಯಮಾಲಾ ತಯಾರಾಗಿ ಬಂದಿದ್ದರು. ಫೈಲು ತೆರೆದು ಒಂದೊಂದಾಗಿ ಮುಂದಿಟ್ಟರು. ಪೊಲೀಸ್ ಠಾಣೆಗೆ ಕೊಟ್ಟ ಪತ್ರ, ಅದರಲ್ಲಿ ಆಂಟಿ. ಆಸ್ಪತ್ರೆಯ ಕಾಗದ, ಅದರಲ್ಲಿಯೂ ಆಂಟಿ, ಮನೆಯಲ್ಲಿ ಬಿದ್ದರು. ಕೇಕಿನ ಮುಂದೆ ನವ್ಯಾಳನ್ನು ಎತ್ತಿಕೊಂಡು ನಿಂತ ಸುಗಂಧಿಯ ಫೋಟೊ. ಇಂಗ್ಲಿಷಿನಲ್ಲಿ ಮೆತ್ತಗೆ, ನೋವಾದವರ ದನಿಯಲ್ಲಿ ಹೇಳಿದರು: ಗಂಡ ತೀರಿಕೊಂಡು ದಿಕ್ಕಿಲ್ಲದವರು, ಒಂದೇ ಭಾಷೆಯವರೆಂದು ಮನೆಯಲ್ಲಿಟ್ಟುಕೊಂಡೆವು. ನಮ್ಮ ಸಂಸ್ಕೃತಿಯಲ್ಲಿ ಹಿರಿಯರು ಮನೆಯಲ್ಲಿ ಒಂದಿಷ್ಟು ಕೈಜೋಡಿಸುತ್ತಾರೆ, ಕೈಖರ್ಚಿಗೆ ನಾವೊಂದಿಷ್ಟು ಕೊಡುತ್ತೇವೆ. ಅದು ಸಂಬಳವಲ್ಲ.

ಸುಗಂಧಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೆ ಮೂವತ್ತು ವರ್ಷ ಬ್ರಿಕ್‌ಫೀಲ್ಡ್ಸಿನ ಸಂತೆಯಲ್ಲಿ ಕೊತ್ತಂಬರಿಗೆ ಚೌಕಾಸಿ ಮಾಡಿದವಳಿಗೆ ಮಲಯ್ ನೀರು ಕುಡಿದಷ್ಟು ಸಲೀಸು. ಹನ್ನೆರಡು ವರ್ಷ ಆ ದೇಶದಲ್ಲಿದ್ದೂ ಜಯಮಾಲಾರಿಗೆ ಮಲಯಿನಲ್ಲಿ ‘ತೆರಿಮಾ ಕಾಸಿ’ ಎಂಬ ಥ್ಯಾಂಕ್ಸಿನ ಆಚೆಗೆ ಏನೂ ಬರುತ್ತಿರಲಿಲ್ಲ.

"ಪುವಾನ್," ಎಂದಳು ಸುಗಂಧಿ ಮಲಯಿನಲ್ಲಿ, "ನಾನು ಇವರಿಗೆ ನೆಂಟಳಲ್ಲ. ಇವರ ಓರಾಂಗ್ ಗಾಜಿ."

ಓರಾಂಗ್ ಗಾಜಿ ಎಂದರೆ ಸಂಬಳದ ಮನುಷ್ಯ. ಮನೆಗೆಲಸದವರನ್ನು ಮಲಯಿನಲ್ಲಿ ಹಿಂದಿನಿಂದಲೂ ಹಾಗೆನ್ನುವುದು. ಈಚೆಗೆ ಓದಿದವರು ಆ ಮಾತನ್ನು ಹಗುರವೆಂದು ಬಿಟ್ಟಿದ್ದಾರೆ. ರೊಸ್ಮಾವತಿ ಕೂಡ ಹುಬ್ಬೇರಿಸಿ, "ಹಾಗೆನ್ನಬೇಡಿ ಅಕ್ಕಾ, ಕೆಲಸಗಾರ್ತಿ ಅನ್ನಿ," ಎಂದರು. ಸುಗಂಧಿ ಬಿಡಲಿಲ್ಲ. ಅವಳಿಗೆ ಆ ಪದವೇ ಬೇಕಿತ್ತು. ಅದರಲ್ಲಿ ಪ್ರೀತಿ ಇಲ್ಲ, ಸಂಬಳ ಇದೆ.

"ಸಂಬಳ ಕೊಟ್ಟ ದಾಖಲೆ ಏನಾದರೂ ಇದೆಯಾ?" ಕೇಳಿದರು ರೊಸ್ಮಾವತಿ. "ಬ್ಯಾಂಕ್? ಚೀಟಿ?"

ಸುಗಂಧಿ ಎಡಗೈಯಲ್ಲಿ ಫೋನು ತೆಗೆದು ಒಂದು ಮೆಸೇಜು ತೋರಿಸಿದಳು. ಜುಲೈಯಲ್ಲಿ ಲಸಿಕೆ ಹಾಕಿಸಿಕೊಂಡು ಜ್ವರ ಬಂದು ಎರಡು ದಿನ ಮಲಗಿದ್ದಾಗ, ಮಹಡಿಯ ಮೇಲಿಂದ ಕೆಳಗಿನ ಸಾಮಾನಿನ ಕೋಣೆಗೆ ಜಯಮಾಲಾ ಕಳಿಸಿದ್ದು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು: ಚಿಕ್ಕಮ್ಮಾ, ಟೂ ಡೇಸ್ ಲೀವ್, ಸ್ಯಾಲರಿ ಕಟ್ ಮಾಡಿದೀನಿ, ಬೇಜಾರು ಮಾಡ್ಕೋಬೇಡಿ. ಕೊನೆಗೊಂದು ಕೈಮುಗಿದ ಚಿತ್ರ.

ಅಧಿಕಾರಿಗೆ ಕನ್ನಡ ಬೇಕಾಗಲಿಲ್ಲ. ಲೀವ್, ಸ್ಯಾಲರಿ, ಕಟ್, ಮೂರೂ ಇಂಗ್ಲಿಷೇ. ಓದಿ, ಪರದೆಯಾಚೆಗೆ ಜಯಮಾಲಾರನ್ನು ನೋಡಿದರು.

"ಅದು ತಮಾಷೆಗೆ," ಎಂದರು ಜಯಮಾಲಾ. "ನಾವು ಮನೆಯಲ್ಲಿ ಹಾಗೆ ತಮಾಷೆ ಮಾಡುತ್ತೇವೆ. ಸ್ಯಾಲರಿ ಎಂದು ಸುಮ್ಮನೆ ಹೇಳುವುದು."

ಸೂರ್ಯನಾರಾಯಣ ಚಾವಣಿ ನೋಡಿದರು. ರೊಸ್ಮಾವತಿ ಪೆನ್ನಿನ ತುದಿಯಿಂದ ಮೇಜು ಕುಟ್ಟುತ್ತ, ಒಂದು ಕಡೆ ಎರಡು ಸರ್ಕಾರಿ ಥರದ ಕಾಗದ, ಇನ್ನೊಂದು ಕಡೆ ಒಂದು ಮೆಸೇಜು, ಇನ್ನಷ್ಟು ವಿಚಾರಣೆ ಮಾಡಬೇಕಾದೀತು, ಅಕ್ಕಪಕ್ಕದವರನ್ನು ಕೇಳಬೇಕಾದೀತು, ತಿಂಗಳುಗಳು ಹಿಡಿದಾವು ಎಂದರು. ತಿಂಗಳುಗಳೆಂದರೆ ಸುಗಂಧಿಗೆ ಮತ್ತೆ ಆ ಕೋಣೆ, ಮತ್ತೆ ದೂಡಿದ ತಟ್ಟೆ, ಕೊನೆಗೆ ಅಕ್ಕಪಕ್ಕದವರೂ ಆಂಟಿ ಎಂದೇ ಹೇಳುತ್ತಾರೆ. ಅವರಿಗೆ ಗೊತ್ತಿದ್ದದ್ದೂ ಅಷ್ಟೇ.

ಗೆದ್ದೆನೆಂದುಕೊಂಡರೋ, ಎರಡು ತಿಂಗಳ ಕಹಿ ಒಮ್ಮೆಗೇ ಉಕ್ಕಿತೋ, ಜಯಮಾಲಾ ಸುಗಂಧಿಯ ಕಡೆ ಬಾಗಿದರು. ಅಧಿಕಾರಿಗೆ ಕನ್ನಡ ತಿಳಿಯದೆಂಬ ಧೈರ್ಯದಲ್ಲಿ, ಮುಖದ ಮೆತ್ತನೆಯನ್ನು ಹಾಗೇ ಉಳಿಸಿಕೊಂಡು, ಹಲ್ಲಿನ ಸಂದಿಯಿಂದ ಹೇಳಿದರು:

"ತೃಪ್ತಿ ಆಯ್ತಾ? ನಾಳೆಯಿಂದ ಕೆಲಸಕ್ಕೆ ಬರೋದು ಬೇಡ. ಇವತ್ತೇ ಗಂಟುಮೂಟೆ ಕಟ್ಕೊಂಡು ಹೊರಡಿ. ನಮಗೆ ಬೇರೆಯವರು ಸಿಕ್ಕಿದಾರೆ."

ಸುಗಂಧಿ ಮಾಸ್ಕಿನೊಳಗೇ ನಕ್ಕಳು. ನಗು ಕಣ್ಣಿನಲ್ಲಿ ಕಂಡಿತು.

"ಏನಂದರು ಅವರು?" ಎಂದು ರೊಸ್ಮಾವತಿ ಮಲಯಿನಲ್ಲಿ ಕೇಳಿದರು.

ಸುಗಂಧಿ ಒಂದೊಂದೇ ಪದವನ್ನು ಬಿಡಿಸಿ, ಬರೆದುಕೊಳ್ಳಲು ಅನುಕೂಲವಾಗುವಷ್ಟು ನಿಧಾನವಾಗಿ ಮಲಯಿನಲ್ಲಿ ಹೇಳಿದಳು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು. ನನ್ನ ಜಾಗಕ್ಕೆ ಬೇರೆಯವರನ್ನು ಗೊತ್ತುಮಾಡಿದ್ದಾರಂತೆ.

ಪೆನ್ನು ಕುಟ್ಟುವುದು ನಿಂತಿತು. ರೊಸ್ಮಾವತಿ ಇಂಗ್ಲಿಷಿಗೆ ಹೊರಳಿದರು. "ಡಾಕ್ಟರ್, ಇವರನ್ನು ಕೆಲಸದಿಂದ ತೆಗೆದಿರಾ ಈಗ?"

ಜಯಮಾಲಾ ಗಂಡನ ಕಡೆ ತಿರುಗಿದರು. ಸೂರ್ಯನಾರಾಯಣ ಆ ದಿನ ಮೊದಲ ಬಾರಿಗೆ ಬಾಯಿ ತೆರೆದು, "ಯೆಸ್," ಎಂದರು, ಸೋತ ದನಿಯಲ್ಲಿ. "ಹಾಗೆ ಹೇಳಿದ್ದು ಹೌದು. ಫಾರ್ಮ್ ಕೊಡಿ ಪುವಾನ್, ರಿಜಿಸ್ಟರ್ ಮಾಡುತ್ತೇವೆ."

"ಸೂರ್ಯ!" ಎಂದು ಹೆಂಡತಿ ಸಿಡಿದರೂ ಅಷ್ಟರಲ್ಲಿ ಅಧಿಕಾರಿ ಬರೆಯಲು ತೊಡಗಿದ್ದರು. ಜಯಮಾಲಾರ ಕಣ್ಣಲ್ಲಿ ನೀರು ತುಂಬಿತು. ಅದು ಸಿಟ್ಟಿನ ನೀರು. "ಮನೆಯವಳ ಹಾಗೆ ಇಟ್ಕೊಂಡಿದ್ದಕ್ಕೆ ಇದಾ ಚಿಕ್ಕಮ್ಮಾ? ಇದಾ?"

"ಚಿಕ್ಕಮ್ಮನನ್ನ ನಾಳೆಯಿಂದ ಬರ್ಬೇಡ ಅಂತ ಹೇಳ್ಲಿಕ್ಕೆ ಬರುದಿಲ್ಲ ಮೇಡಂ," ಎಂದಳು ಸುಗಂಧಿ. "ಕೆಲಸದವಳಿಗೆ ಹೇಳ್ಬಹುದು. ನೀವು ಹೇಳಿದ್ರಿ, ನಾನು ಕೇಳಿದೆ. ಈಗ ಅದನ್ನೇ ಒಂದು ಕಾಗದದಲ್ಲಿ ಬರೆದು ಕೊಡಿ."

ರೊಸ್ಮಾವತಿ ಪರದೆಯ ಅಡಿಯಿಂದ ಒಂದು ಬಿಳಿ ಹಾಳೆ ತಳ್ಳಿದರು. ಜಯಮಾಲಾ ಪೆನ್ನು ಹಿಡಿದರು. ತಾರೀಖು ಹಾಕಿದರು, ಸುಗಂಧಿಯ ಹೆಸರು ಬರೆದರು, ‘ನನ್ನ’ ಎಂದು ಇಂಗ್ಲಿಷಿನಲ್ಲಿ ಬರೆದು ಅಲ್ಲಿಗೆ ನಿಂತರು. ಮುಂದಿನ ಪದ ಅವರ ಕೈಯಿಂದ ಬರಲಿಲ್ಲ.

ಅವತ್ತು ರಾತ್ರಿ ಎಲ್ಲಿ ಮಲಗುವುದೆಂದು ಸುಗಂಧಿಗೆ ಗೊತ್ತಿರಲಿಲ್ಲ. ಲಕ್ಷ್ಮಿಯ ಕೋಣೆಯಲ್ಲಿ ಒಂದು ಚಾಪೆಯಷ್ಟು ಜಾಗ ಇದ್ದರೆ ಇತ್ತು. ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಎಡಗೈಯ ಬೆರಳನ್ನು ಹಾಳೆಯ ಮೇಲಿನ ಆ ಖಾಲಿ ಜಾಗಕ್ಕೆ ಊರಿದಳು.

"ಕೆಲಸದವಳು ಅಂತ ಬರೀರಿ, ಜಯಾ," ಎಂದಳು.